ಟ್ರ್ಯಾಕ್ ಡೇ ಮುಗಿಸಿ ಅದೇ ಕಾರಲ್ಲಿ ಮನೆಗೆ ಹೊರಟಿದ್ದೀರಾ? ಮೊದಲು ಬ್ರೇಕ್ ಪ್ಯಾಡ್ ಕಡೆ ಒಮ್ಮೆ ನೋಡಿ

ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಸ್ವಂತ ಕಾರು ಓಡಿಸಿ ಬಂದವರು ಮರುದಿನ ಮೆಕ್ಯಾನಿಕ್ ಮುಂದೆ ಹೇಳುವ ದೂರು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಬೆಳಗ್ಗೆ ಬ್ರೇಕ್ ಚೆನ್ನಾಗಿತ್ತು, ನಾಲ್ಕನೇ ಸುತ್ತಿಗೆ ಸುಟ್ಟ ವಾಸನೆ ಬಂತು, ಆಮೇಲೆ ಪೆಡಲ್ ಕೆಳಗಿಳಿಯತೊಡಗಿತು, ಈಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ. ಕಾರಿಗೆ ಇನ್ನೂ 15 ಸಾವಿರ ಕಿ.ಮೀ. ಆಗಿಲ್ಲ, ಕಳೆದ ಸರ್ವಿಸ್‌ನಲ್ಲಿ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿದೆ ಎಂದಿದ್ದರು. ಹಾಗಾದರೆ ಒಂದೇ ದಿನದಲ್ಲಿ ಏನಾಯಿತು?

ಟ್ರ್ಯಾಕ್ ಮೇಲೆ ಬ್ರೇಕ್ ಕೈಕೊಟ್ಟರೆ ಕಾರು ಜಾರಿ ಹೊರಹೋಗಲು ರನ್-ಆಫ್ ಜಾಗ ಇದೆ, ಮಾರ್ಷಲ್‌ಗಳಿದ್ದಾರೆ, ಹತ್ತಿರದಲ್ಲೇ ಆಂಬುಲೆನ್ಸ್ ನಿಂತಿರುತ್ತದೆ. ಆದರೆ ಸಂಜೆ ಅದೇ ಕಾರಿನಲ್ಲಿ ಗೇಟು ದಾಟಿ, ಪರಿ ಚೌಕ್ ಹಾದು, ದೆಹಲಿ ಅಥವಾ ಗುರುಗ್ರಾಮದ ಟ್ರಾಫಿಕ್‌ಗೆ ಇಳಿಯುವವರಿಗೆ ಈ ಯಾವ ಸೌಕರ್ಯವೂ ಇಲ್ಲ. ಮುಂದೆ ಇರುವುದು ಆಟೊ, ಇ-ರಿಕ್ಷಾ, ರಸ್ತೆ ದಾಟುವ ಜನ. ಹಾಗಾಗಿ ಪ್ಯಾಡ್ ಸವೆತವನ್ನು ಖರ್ಚಿನ ಲೆಕ್ಕದಲ್ಲಿ ಮಾತ್ರ ನೋಡಿದರೆ ಸಾಲದು.

ಅದೇನು ಅಂಥಾ ಟ್ರ್ಯಾಕ್?

ಯಮುನಾ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿರುವ ಈ ಸರ್ಕ್ಯೂಟ್ 2011ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸಗೊಳಿಸಿದ, 5 ಕಿ.ಮೀ.ಗೆ ತುಸು ಹೆಚ್ಚು ಉದ್ದದ, 16 ತಿರುವುಗಳ ಹಾದಿ. 2011ರಿಂದ 2013ರವರೆಗೆ ಮೂರು ಬಾರಿ ಫಾರ್ಮುಲಾ ಒನ್ ಇಂಡಿಯನ್ ಗ್ರ್ಯಾನ್ ಪ್ರಿ ಇಲ್ಲೇ ನಡೆಯಿತು, ಮೂರರಲ್ಲೂ ಗೆದ್ದದ್ದು ಸೆಬಾಸ್ಟಿಯನ್ ವೆಟೆಲ್. ಆಮೇಲೆ ತೆರಿಗೆ ತಕರಾರಿನಲ್ಲಿ ಎಫ್1 ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ಮೋಟೊ ಜಿಪಿ ಒಮ್ಮೆ ಬಂದು ಹೋಯಿತು. ಈ ದೊಡ್ಡ ರೇಸ್‌ಗಳ ನಡುವಿನ ದಿನಗಳಲ್ಲಿ ಕಾರು-ಬೈಕ್ ಕಂಪನಿಗಳು, ಕ್ಲಬ್‌ಗಳು ನಡೆಸುವ ಟ್ರ್ಯಾಕ್ ಡೇಗಳಿಗೆ ಈ ಹಾದಿ ತೆರೆದುಕೊಳ್ಳುತ್ತದೆ.

ಬ್ರೇಕ್ ದೃಷ್ಟಿಯಿಂದ ನೋಡಿದರೆ ಈ ಟ್ರ್ಯಾಕ್‌ನ ಕಥೆ ಮೂರನೇ ಮತ್ತು ನಾಲ್ಕನೇ ತಿರುವಿನ ನಡುವೆ ಇದೆ. ಅಲ್ಲಿನ ನೇರ ಹಾದಿ ಒಂದು ಕಿ.ಮೀ.ಗೂ ಉದ್ದ. ಎಫ್1 ಕಾರುಗಳು ಅಲ್ಲಿ ಗಂಟೆಗೆ 300 ಕಿ.ಮೀ. ದಾಟುತ್ತಿದ್ದವು. ಅದರ ಕೊನೆಯಲ್ಲಿ ಬಿಗಿಯಾದ ಬಲ ತಿರುವು. ಎಷ್ಟೇ ವೇಗವಾಗಿ ಬಂದರೂ ಅಲ್ಲಿ ಬ್ರೇಕ್ ಮೇಲೆ ನಿಂತೇ ಬಿಡಬೇಕು. 2012ರ ಅಕ್ಟೋಬರ್ 28ರ ರೇಸ್‌ನಲ್ಲಿ ಎಚ್‌ಆರ್‌ಟಿ ತಂಡದ ಪೆದ್ರೊ ಡಿ ಲಾ ರೋಸಾ ಬ್ರೇಕ್ ವೈಫಲ್ಯದಿಂದಲೇ ಹೊರನಡೆದರು. ಅವರದ್ದು ಕೆಂಪಗೆ ಕಾದರೂ ಕೆಲಸ ಮಾಡುವ ಕಾರ್ಬನ್ ಬ್ರೇಕ್. ನಮ್ಮ ನಿಮ್ಮ ಸೆಡಾನ್‌ನಲ್ಲಿರುವುದು ಎರಕದ ಕಬ್ಬಿಣದ ಡಿಸ್ಕ್ ಮತ್ತು ಮಾಲ್‌ನ ಪಾರ್ಕಿಂಗ್‌ಗೆ ಸದ್ದಿಲ್ಲದೆ ಇಳಿಯಲೆಂದು ಮಾಡಿದ ಪ್ಯಾಡ್.

ಐದು ಲೀಟರ್ ನೀರು, ನಾಲ್ಕು ಸೆಕೆಂಡ್

ಒಂದು ಸಣ್ಣ ಲೆಕ್ಕ ಹಾಕೋಣ. ಚಾಲಕನೂ ಸೇರಿ 1,400 ಕೆ.ಜಿ. ತೂಗುವ ಟರ್ಬೊ ಪೆಟ್ರೋಲ್ ಸೆಡಾನ್. ಆ ನೇರ ಹಾದಿಯ ಕೊನೆಗೆ ಗಂಟೆಗೆ 180 ಕಿ.ಮೀ. ವೇಗದಲ್ಲಿದೆ, ತಿರುವಿಗೆ 72 ಕಿ.ಮೀ.ಗೆ ಇಳಿಯಬೇಕು ಎಂದುಕೊಳ್ಳಿ. ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಈ ಒಂದು ಬ್ರೇಕಿಂಗ್‌ನಲ್ಲಿ ಕಾರು ಕಳೆದುಕೊಳ್ಳುವ ಶಕ್ತಿ ಸುಮಾರು 1,470 ಕಿಲೋಜೂಲ್. ಗಾಳಿಯ ತಡೆ, ಎಂಜಿನ್ ಎಳೆತದ ಪಾಲು ಸ್ವಲ್ಪ ಬಿಟ್ಟರೆ ಉಳಿದದ್ದೆಲ್ಲ ಬ್ರೇಕ್‌ನಲ್ಲಿ ಬಿಸಿಯಾಗಿ ಬದಲಾಗಬೇಕು. ಅಷ್ಟು ಬಿಸಿಯಲ್ಲಿ ಹೆಚ್ಚು ಕಡಿಮೆ ಐದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮನೆಯ ಗ್ಯಾಸ್ ಒಲೆಗೆ ಇದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು. ಬ್ರೇಕ್‌ಗೆ ಸಿಗುವುದು ನಾಲ್ಕು ಸೆಕೆಂಡ್.

ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 150 ಅಶ್ವಶಕ್ತಿಯ ಎಂಜಿನ್ ಇರುವ ಕಾರಿನ ಬ್ರೇಕ್ ಆ ಕ್ಷಣದಲ್ಲಿ 500ರ ಆಸುಪಾಸಿನ ಅಶ್ವಶಕ್ತಿಯ ಕೆಲಸ ಮಾಡುತ್ತಿರುತ್ತದೆ. ಶೋರೂಮ್‌ನಲ್ಲಿ ಎಂಜಿನ್ ಬಗ್ಗೆ ಅರ್ಧ ಗಂಟೆ ವಿಚಾರಿಸುವ ನಾವು ಬ್ರೇಕ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಅದು ಬೇರೆ ಮಾತು.

ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಸುಮಾರು ಶೇ 70ರಷ್ಟು ಹೊರೆ ಮುಂಚಕ್ರಗಳದ್ದು. ಮುಂದಿನ ಎರಡು ಡಿಸ್ಕ್ ತಲಾ 7 ಕೆ.ಜಿ. ಎಂದು ಹಿಡಿದರೆ, ಈ ಒಂದೇ ಬ್ರೇಕಿಂಗ್‌ಗೆ ಅವುಗಳ ಬಿಸಿ 150 ಡಿಗ್ರಿ ಸೆಲ್ಸಿಯಸ್‌ನಷ್ಟು ಜಿಗಿಯುತ್ತದೆ. ಅದು ಪೂರ್ತಿ ಆರುವ ಮೊದಲೇ ಮುಂದಿನ ತಿರುವು ಬರುತ್ತದೆ. ಸುತ್ತಿಗೆ ನಾಲ್ಕೈದು ಬಾರಿ ಜೋರಾಗಿ ಬ್ರೇಕ್ ಒತ್ತಬೇಕು, ಸಾಮಾನ್ಯ ಕಾರಿಗೆ ಒಂದು ಸುತ್ತು ಎರಡೂವರೆ ನಿಮಿಷದ ಆಸುಪಾಸು, ಒಂದು ಸೆಷನ್ 20 ನಿಮಿಷ ಎಂದರೆ ಮೂವತ್ತಕ್ಕೂ ಹೆಚ್ಚು ಬಾರಿ. ನಗರದಲ್ಲಿ 50 ಕಿ.ಮೀ. ವೇಗದಿಂದ ಸಿಗ್ನಲ್‌ನಲ್ಲಿ ನಿಲ್ಲುವಾಗ ಹುಟ್ಟುವ ಬಿಸಿ ಇದರ ಹತ್ತನೇ ಒಂದು ಭಾಗವೂ ಅಲ್ಲ. ಜೊತೆಗೆ ಅಲ್ಲಿ ಆರಲು ನಿಮಿಷಗಟ್ಟಲೆ ಸಮಯ.

ಪ್ಯಾಡ್ ಒಳಗೆ ನಡೆಯುವುದು ಇದು

ಬ್ರೇಕ್ ಪ್ಯಾಡ್ ಎಂದರೆ ಉಕ್ಕಿನ ತಟ್ಟೆಗೆ ಅಂಟಿಸಿದ ಒಂದು ಮಿಶ್ರಣ. ನಾರು, ಲೋಹದ ಪುಡಿ, ಗ್ರ್ಯಾಫೈಟ್, ಖನಿಜಗಳು, ಇವೆಲ್ಲವನ್ನೂ ಹಿಡಿದಿಡಲು ಫಿನಾಲಿಕ್ ರಾಳ. ರಸ್ತೆಯ ಪ್ಯಾಡ್‌ಗಳಲ್ಲಿ ಈ ರಾಳವೇ ದುರ್ಬಲ ಕೊಂಡಿ. ಬಿಸಿ 300 ಡಿಗ್ರಿ ದಾಟಿ ಮೇಲೇರಿದಂತೆ ಅದು ಕೊಳೆಯತೊಡಗುತ್ತದೆ, ಅನಿಲ ಬಿಡುತ್ತದೆ. ನಿಮಗೆ ಬರುವ ಸುಟ್ಟ ವಾಸನೆ ಅದರದ್ದೇ. ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಇಳಿಯುವಾಗ ಮುಂದಿನ ಟೆಂಪೊ ಟ್ರಾವೆಲರ್‌ನಿಂದ ಬರುತ್ತದಲ್ಲ, ಅದೇ ವಾಸನೆ. ಮಸ್ಸೂರಿಯಿಂದ ಡೆಹ್ರಾಡೂನ್‌ಗೆ ಇಳಿದ ದೆಹಲಿಯವರಿಗೂ ಇದು ಪರಿಚಿತ.

ಆ ಅನಿಲ ಪ್ಯಾಡ್ ಮತ್ತು ಡಿಸ್ಕ್ ನಡುವೆ ಸೇರಿಕೊಂಡು ಹಿಡಿತ ಕಡಿಮೆ ಮಾಡುತ್ತದೆ. ಹೊಸ ಪ್ಯಾಡ್‌ನಲ್ಲಿ ಇನ್ನೂ ಬಿಸಿ ಕಾಣದ ರಾಳ ಇರುವುದರಿಂದ ಈ ತೊಂದರೆ ಇನ್ನೂ ಜಾಸ್ತಿ. ಟ್ರ್ಯಾಕ್ ಡೇಗೆ ಹಿಂದಿನ ದಿನವಷ್ಟೇ ಹೊಸ ಪ್ಯಾಡ್ ಹಾಕಿಸಿ, ಪಳಗಿಸದೆ ಹೋದವರಿಗೆ ಮೊದಲ ಸೆಷನ್‌ನಲ್ಲೇ ಬ್ರೇಕ್ ಸೋಲುವುದು ಇದೇ ಕಾರಣಕ್ಕೆ. ಬಿಸಿ ಇನ್ನೂ ಏರಿದರೆ ಪ್ಯಾಡ್‌ನ ಮೇಲ್ಮೈ ಗಾಜಿನಂತೆ ಹೊಳೆಯುವ ಗಟ್ಟಿ ಪದರವಾಗುತ್ತದೆ. ಆಮೇಲೆ ತಣ್ಣಗಾದರೂ ಹಿಡಿತ ಮೊದಲಿನಂತೆ ಬರುವುದಿಲ್ಲ, ಬ್ರೇಕ್ ಕಿರುಚುತ್ತದೆ. ರಾಳ ಹೋದ ಮೇಲೆ ಉಳಿದ ವಸ್ತುವನ್ನು ಹಿಡಿದಿಡುವವರೇ ಇಲ್ಲ. ಅದು ಪುಡಿಪುಡಿಯಾಗಿ ಉದುರುತ್ತದೆ. ನಗರದಲ್ಲಿ ಸಾವಿರಾರು ಕಿ.ಮೀ.ಗೆ ಒಂದು ಮಿಲಿಮೀಟರ್ ಸವೆಯುವ ಪ್ಯಾಡ್, ಅದರ ಮಿತಿ ಮೀರಿದ ಬಿಸಿಯಲ್ಲಿ ಒಂದೇ ದಿನಕ್ಕೆ ಹಲವು ಮಿಲಿಮೀಟರ್ ಕಳೆದುಕೊಳ್ಳುವುದು ಹೀಗೆ. ಸವೆತ ಕಿ.ಮೀ. ಲೆಕ್ಕದಲ್ಲಿ ನಡೆಯುವುದಿಲ್ಲ, ಬಿಸಿಯ ಲೆಕ್ಕದಲ್ಲಿ ನಡೆಯುತ್ತದೆ.

ಪೆಡಲ್ ಗಟ್ಟಿಯೋ, ಮೆತ್ತಗೋ?

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲೇಬೇಕು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ಸೋತಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲಕ್ಕೆ ಇಳಿಯುತ್ತಿದೆ ಎಂದರೆ ಬ್ರೇಕ್ ಫ್ಲೂಯಿಡ್ ಕುದಿದಿರುವ ಸಾಧ್ಯತೆಯೇ ಹೆಚ್ಚು. ಎರಡನೆಯದು ಹೆಚ್ಚು ಭಯಾನಕ. ಮೊದಲನೆಯದರಲ್ಲಿ ಇನ್ನಷ್ಟು ಜೋರಾಗಿ ಒತ್ತಿದರೆ ಏನೋ ಒಂದಿಷ್ಟು ಸಿಗುತ್ತದೆ, ಎರಡನೆಯದರಲ್ಲಿ ಏನೂ ಸಿಗದೇ ಇರಬಹುದು.

ಪ್ಯಾಡ್‌ನ ಬಿಸಿ ಪಿಸ್ಟನ್ ಮೂಲಕ ಕ್ಯಾಲಿಪರ್‌ಗೆ, ಅಲ್ಲಿಂದ ಒಳಗಿರುವ ಫ್ಲೂಯಿಡ್‌ಗೆ ಹೋಗುತ್ತದೆ. ಪ್ಯಾಡ್ ತೆಳ್ಳಗಿದ್ದಷ್ಟೂ ಬಿಸಿ ಬೇಗ ದಾಟುತ್ತದೆ, ಹಾಗಾಗಿ ಅರ್ಧ ಸವೆದ ಪ್ಯಾಡ್‌ನಲ್ಲಿ ಟ್ರ್ಯಾಕ್‌ಗೆ ಹೋಗುವುದು ಎರಡು ಪಟ್ಟು ಕೆಟ್ಟ ಯೋಚನೆ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ.

ಡಾಟ್ 3 ದರ್ಜೆಯ ಹೊಸ ಫ್ಲೂಯಿಡ್‌ಗೆ ನಿಗದಿಯಾದ ಕನಿಷ್ಠ ಕುದಿಬಿಂದು 205 ಡಿಗ್ರಿ, ಡಾಟ್ 4ಕ್ಕೆ 230, ಡಾಟ್ 5.1ಕ್ಕೆ 260. ಆದರೆ ಇವು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತವೆ. ಸುಮಾರು ಶೇ 3.7ರಷ್ಟು ನೀರು ಸೇರಿದಾಗ ಡಾಟ್ 3ರ ಮಿತಿ 140ಕ್ಕೆ, ಡಾಟ್ 4ರದ್ದು 155ಕ್ಕೆ, 5.1ರದ್ದು 180ಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಫ್ಲೂಯಿಡ್ ಹಾಕಿಕೊಂಡು ಟ್ರ್ಯಾಕ್‌ಗೆ ಇಳಿದರೆ ಪ್ಯಾಡ್ ಸೋಲುವ ಮೊದಲು ಅದೇ ಸೋಲಬಹುದು. ಟ್ರ್ಯಾಕ್ ಡೇಗೆ ಒಂದೇ ಒಂದು ಖರ್ಚು ಮಾಡಲು ಹಣ ಇದೆ ಎಂದರೆ, ಎಕ್ಸಾಸ್ಟ್, ಸ್ಟಿಕ್ಕರ್ ಎಲ್ಲ ಬಿಟ್ಟು ತಾಜಾ ಫ್ಲೂಯಿಡ್ ಹಾಕಿಸಿ ಎನ್ನುವುದು ನಮ್ಮ ಅಭಿಪ್ರಾಯ. ಒಮ್ಮೆ ಕುದಿದ ಮೇಲೆ, ಕಾರು ತಣ್ಣಗಾಗಿ ಪೆಡಲ್ ಸರಿ ಹೋದಂತೆ ಕಂಡರೂ, ಮನೆಗೆ ಹೊರಡುವ ಮುನ್ನ ಬ್ಲೀಡ್ ಮಾಡಿಸುವುದೇ ಸರಿ. ಇನ್ನೊಂದು ಎಚ್ಚರ: ಡಾಟ್ 5 ಮತ್ತು ಡಾಟ್ 5.1 ಒಂದೇ ಅಲ್ಲ. ಡಾಟ್ 5 ಸಿಲಿಕೋನ್ ಆಧಾರಿತ, ಉಳಿದವುಗಳ ಜೊತೆ ಬೆರೆಸಬಾರದು.

ಚಕ್ರ ಬಿಚ್ಚಿ ನೋಡಿದರೆ ಏನು ಕಾಣಬೇಕು?

ಅಲಾಯ್ ಚಕ್ರದ ಸಂದಿಯಿಂದ ಇಣುಕಿ 'ಪ್ಯಾಡ್ ಇದೆ' ಎಂದು ಹೇಳುವ ಅಭ್ಯಾಸ ಹಲವರಿಗಿದೆ. ಹಾಗೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ತೇಲುವ ಕ್ಯಾಲಿಪರ್ ಇರುವ ಸಾಮಾನ್ಯ ಕಾರುಗಳಲ್ಲಿ ಪಿಸ್ಟನ್ ಕಡೆಯ ಒಳಗಿನ ಪ್ಯಾಡ್ ಬೇಗ ಸವೆಯುವುದೇ ಹೆಚ್ಚು. ಗೈಡ್ ಪಿನ್‌ಗಳ ಗ್ರೀಸ್ ಒಣಗಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ಹಾಗಾಗಿ ಚಕ್ರ ಬಿಚ್ಚಿ, ಪ್ಯಾಡ್ ಹೊರತೆಗೆದೇ ನೋಡಬೇಕು.

ಹೊಸ ಪ್ಯಾಡ್‌ನ ಘರ್ಷಣೆ ವಸ್ತು ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪ. 3 ಮಿ.ಮೀ.ಗೆ ಬಂದರೆ ರಸ್ತೆಗೇ ಬೇಡ. ದಪ್ಪ ಸಾಕಷ್ಟಿದ್ದರೂ ಪ್ಯಾಡ್ ಹಾಳಾಗಿರಬಹುದು, ಟ್ರ್ಯಾಕ್ ಬಳಕೆಯಲ್ಲಿ ಇದೇ ಮುಖ್ಯ ಸಂಗತಿ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಓರೆಯಾಗಿ ಸವೆದಿದೆಯೇ? ಅಂಚುಗಳು ಬೂದಿ ಬಣ್ಣಕ್ಕೆ ತಿರುಗಿ ಉಗುರಿಗೆ ಪುಡಿಯಾಗುತ್ತಿವೆಯೇ? ಮೂಲೆಯಲ್ಲಿ ತುಂಡು ಹಾರಿಹೋಗಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಘರ್ಷಣೆ ವಸ್ತು ಮತ್ತು ಉಕ್ಕಿನ ತಟ್ಟೆ ಸೇರುವ ಗೆರೆಯಲ್ಲಿ ಬಿರುಕು ಕಾಣುತ್ತಿದೆಯೇ? ಕೊನೆಯದ್ದು ಕಂಡರೆ ಆ ಪ್ಯಾಡನ್ನು ಮತ್ತೆ ಹಾಕಬೇಡಿ. ಅಂಟು ಬಿಟ್ಟ ಪ್ಯಾಡ್ ಹೆದ್ದಾರಿಯಲ್ಲಿ ಕಳಚಿಕೊಂಡರೆ ಉಕ್ಕು ನೇರ ಡಿಸ್ಕಿಗೆ ಉಜ್ಜುತ್ತದೆ. ಬರೀ ಮೇಲ್ಮೈ ಹೊಳಪಾಗಿದ್ದರೆ ಉಪ್ಪುಕಾಗದ ಉಜ್ಜಿ ಪದರ ತೆಗೆದು ಮತ್ತೆ ಬಳಸುವವರಿದ್ದಾರೆ. ಒಳಗೆ ರಾಳ ಎಷ್ಟು ಆಳಕ್ಕೆ ಸುಟ್ಟಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ ಮನೆಮಂದಿ ಓಡಾಡುವ ಕಾರಿಗೆ ಈ ಉಳಿತಾಯ ಬೇಡ.

ಪಿಸ್ಟನ್ ಸುತ್ತ ಇರುವ ರಬ್ಬರ್ ಬೂಟ್ ಸುಕ್ಕುಗಟ್ಟಿ ಬಿರುಕು ಬಿಟ್ಟಿದೆಯೇ ಎಂಬುದನ್ನೂ ನೋಡಿ. ಅದು ಹೋದರೆ ದೆಹಲಿಯ ಧೂಳು ನೇರ ಪಿಸ್ಟನ್‌ಗೆ ಸೇರುತ್ತದೆ, ಕೆಲ ತಿಂಗಳಲ್ಲಿ ಕ್ಯಾಲಿಪರ್ ಜಾಮ್ ಆಗುತ್ತದೆ. ಡಿಸ್ಕ್‌ನ ಮೇಲೆ ಕೂದಲೆಳೆಯಂಥ ಸಣ್ಣ ಬಿರುಕುಗಳು ಟ್ರ್ಯಾಕ್ ಕಾರುಗಳಲ್ಲಿ ಸಾಮಾನ್ಯ. ಆದರೆ ಬೆರಳುಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿದ್ದರೆ ಅಥವಾ ಅಂಚಿನವರೆಗೆ ತಲುಪಿದ್ದರೆ ಡಿಸ್ಕ್ ಬದಲಿಸಬೇಕು. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ.

ಕೆಲವರಿಗೆ ಅಚ್ಚರಿ ತರಿಸುವುದು ಹಿಂದಿನ ಪ್ಯಾಡ್. ಹೊರೆ ಮುಂದೆ ಇದ್ದರೂ ಹಿಂದಿನದ್ದೇ ಬೇಗ ಸವೆದಿರುತ್ತದೆ. ಇದಕ್ಕೆ ಕಾರಣ ಸ್ಟೆಬಿಲಿಟಿ ಕಂಟ್ರೋಲ್. ತಿರುವಿನಲ್ಲಿ ಕಾರು ಜಾರದಂತೆ ಕಂಪ್ಯೂಟರ್ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕುತ್ತಿರುತ್ತದೆ. ನಿಮ್ಮ ಕಾಲು ಆಕ್ಸಿಲರೇಟರ್ ಮೇಲಿದ್ದಾಗಲೂ ಆ ಕೆಲಸ ನಡೆಯುತ್ತದೆ. ಹಾಗೆಂದು ಅದನ್ನು ಆಫ್ ಮಾಡಿ ಎಂದು ಹೇಳುತ್ತಿಲ್ಲ. ಮೊದಲ ಬಾರಿ ಟ್ರ್ಯಾಕ್‌ಗೆ ಹೋಗುವವರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಹಿಂದಿನ ಪ್ಯಾಡ್ ಹೋದರೆ ಹೋಗಲಿ.

ಸ್ಟೇರಿಂಗ್ ನಡುಗಿದರೆ ಡಿಸ್ಕ್ ಬಾಗಿದೆಯೇ?

'ಡಿಸ್ಕ್ ಬೆಂಡ್ ಆಗಿದೆ, ಸ್ಕಿಮ್ ಮಾಡಿಸಬೇಕು' ಎಂದು ಗ್ಯಾರೇಜ್‌ನಲ್ಲಿ ತಕ್ಷಣ ಹೇಳಿಬಿಡುತ್ತಾರೆ. ಬಹುತೇಕ ಸಂದರ್ಭದಲ್ಲಿ ಡಿಸ್ಕ್ ನಿಜವಾಗಿ ಬಾಗಿರುವುದಿಲ್ಲ. ಅತಿಯಾಗಿ ಕಾದ ಪ್ಯಾಡ್‌ನ ವಸ್ತು ಡಿಸ್ಕ್ ಮೇಲೆ ಅಲ್ಲಲ್ಲಿ ದಪ್ಪವಾಗಿ ಅಂಟಿಕೊಂಡಿರುತ್ತದೆ. ಆ ಜಾಗ ಬಂದಾಗಲೆಲ್ಲ ಹಿಡಿತ ಬದಲಾಗಿ ನಡುಕ ಹುಟ್ಟುತ್ತದೆ. ಇದಕ್ಕೆ ದೊಡ್ಡ ಕಾರಣ ಪಿಟ್‌ನಲ್ಲಿ ನಾವೇ ಮಾಡುವ ಒಂದು ಕೆಲಸ. ಕೊನೆಯ ಸುತ್ತನ್ನೂ ಜೋರಾಗಿ ಓಡಿಸಿ, ಸೀದಾ ಪಿಟ್‌ಗೆ ಬಂದು, ಬ್ರೇಕ್ ಪೆಡಲ್ ಒತ್ತಿ ಹಿಡಿದು ನಿಲ್ಲುವುದು. ಕಾದ ಪ್ಯಾಡ್ ಡಿಸ್ಕ್‌ನ ಒಂದೇ ಜಾಗಕ್ಕೆ ಇಸ್ತ್ರಿಪೆಟ್ಟಿಗೆಯಂತೆ ಒತ್ತಿಕೊಂಡು ಮುದ್ರೆ ಬಿಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದರೆ ಹಿಂಚಕ್ರಗಳಲ್ಲೂ ಹಾಗೇ.

ಆದ್ದರಿಂದಲೇ ಅನುಭವಿಗಳು ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಬಳಸದೆ ನಿಧಾನವಾಗಿ ಮುಗಿಸುತ್ತಾರೆ, ಪಿಟ್‌ಗೆ ಬಂದ ಮೇಲೆ ಚಕ್ರಕ್ಕೆ ಮರದ ತುಂಡು ಕೊಟ್ಟು ಗೇರ್‌ನಲ್ಲಿ ನಿಲ್ಲಿಸುತ್ತಾರೆ, ಹ್ಯಾಂಡ್ ಬ್ರೇಕ್ ಮುಟ್ಟುವುದಿಲ್ಲ. ಆಟೊಮ್ಯಾಟಿಕ್ ಆದರೆ ಪಿ ಸ್ಥಾನದಲ್ಲಿ ಹಾಕಿ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಹಲವು ಕಾರುಗಳು ಎಂಜಿನ್ ಆಫ್ ಮಾಡಿದೊಡನೆ ತಾವೇ ಬ್ರೇಕ್ ಹಾಕಿಕೊಳ್ಳುತ್ತವೆ. ನಿಮ್ಮದರಲ್ಲಿ ಅದನ್ನು ತಡೆಯುವುದು ಹೇಗೆಂದು ಕೈಪಿಡಿ ನೋಡಿಟ್ಟುಕೊಳ್ಳಿ. ಬಿಸಿ ಚಕ್ರಕ್ಕೆ ನೀರು ಸುರಿಯುವ ಉಪಕಾರ ಮಾತ್ರ ಯಾರಿಂದಲೂ ಬೇಡ, ಕಬ್ಬಿಣ ಬಿರುಕು ಬಿಡುತ್ತದೆ.

ಯಾವ ಪ್ಯಾಡ್ ಕೊಳ್ಳಬೇಕು?

ದೆಹಲಿಯವರಿಗೆ ಕಾಶ್ಮೀರಿ ಗೇಟ್, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ. ಬಿಡಿಭಾಗ ಅಗ್ಗಕ್ಕೆ ಸಿಗುವ ಜಾಗಗಳು ಎಲ್ಲರಿಗೂ ಗೊತ್ತು. ಆದರೆ ಬ್ರೇಕ್ ಪ್ಯಾಡ್ ಚೌಕಾಸಿ ಮಾಡಿ ಕೊಳ್ಳುವ ವಸ್ತು ಅಲ್ಲ. ನಕಲಿ ಪೆಟ್ಟಿಗೆಯ ಪ್ಯಾಡ್ ನಗರದಲ್ಲಿ ವರ್ಷಗಟ್ಟಲೆ ಸಿಕ್ಕಿಬೀಳದೆ ಓಡಬಹುದು, ಟ್ರ್ಯಾಕ್‌ನಲ್ಲಿ ಮೂರನೇ ಸುತ್ತಿಗೆ ಬಯಲಾಗುತ್ತದೆ. ಬಿಲ್ ಕೊಡುವ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ.

ವರ್ಷಕ್ಕೆ ಒಂದೆರಡು ಬಾರಿ ಟ್ರ್ಯಾಕ್‌ಗೆ ಹೋಗುವವರಿಗೆ, ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಆಗುವ ಮಧ್ಯಮ ದರ್ಜೆಯ ಪ್ಯಾಡ್ ಸಾಕು. ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹಲವು ಬಾರಿ, ಪೂರ್ತಿ ನಿಲ್ಲಿಸದೆ, ವೇಗ ಇಳಿಸುತ್ತಾ ಪಳಗಿಸಬೇಕು. ಆಮೇಲೆ ಬ್ರೇಕ್ ಬಳಸದೆ ಕೆಲ ಕಿ.ಮೀ. ಓಡಿಸಿ ಆರಲು ಬಿಡಬೇಕು. ಪ್ಯಾಡ್ ತಯಾರಕರು ತಮ್ಮದೇ ವಿಧಾನ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುವವರಿಗೆ ಒಂದು ಹೆಚ್ಚುವರಿ ಲೆಕ್ಕ ಇದೆ: ಮರಳಿ ಬರುವ ಸುಮಾರು 300 ಕಿ.ಮೀ. ಹೆದ್ದಾರಿ. ಹಳೆಯ ಪ್ಯಾಡ್ ಜೋಡಿ, ಜ್ಯಾಕ್, ಸ್ಪ್ಯಾನರ್, ಒಂದು ಬಾಟಲಿ ಸೀಲು ಒಡೆಯದ ಫ್ಲೂಯಿಡ್ ಡಿಕ್ಕಿಯಲ್ಲಿರಲಿ. ಸೀಲು ಒಡೆದು ಶೆಲ್ಫ್ ಮೇಲಿಟ್ಟ ಬಾಟಲಿ ಆಗಲೇ ತೇವ ಕುಡಿದಿರುತ್ತದೆ.

ಬೈಕ್‌ಗಳಿಗೂ ಇದೇ ನಿಯಮ. ವ್ಯತ್ಯಾಸ ಎಂದರೆ ಅಲ್ಲಿ ಪ್ಯಾಡ್ ಚಿಕ್ಕದು, ಫ್ಲೂಯಿಡ್ ಬಹಳ ಕಡಿಮೆ, ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಹತ್ತಿರ ಬರುವುದೇ ಎಚ್ಚರಿಕೆಯ ಗಂಟೆ. ಅದು ಬಾರಿಸಿದರೆ ಸೆಷನ್ ಮುಗಿಯುವವರೆಗೆ ಕಾಯದೆ ಕೈ ಎತ್ತಿ ಪಿಟ್‌ಗೆ ಬನ್ನಿ.

ವಿಮೆ ಮತ್ತು ಮಂಜು

ಇನ್ನೆರಡು ವಿಷಯ ಬಾಕಿ ಇವೆ. ನಿಮ್ಮ ಮೋಟಾರು ವಿಮೆಯ ಪಾಲಿಸಿ ತೆಗೆದು 'ಬಳಕೆಯ ಮಿತಿ' ಎಂಬ ಭಾಗ ಓದಿ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆಯಂಥ ಬಳಕೆಗೆ ರಕ್ಷಣೆ ಇಲ್ಲ ಎಂದು ಅಲ್ಲಿ ಬರೆದಿರುತ್ತದೆ. ಟ್ರ್ಯಾಕ್ ಡೇ ರೇಸ್ ಅಲ್ಲ ಎಂದು ನೀವು ವಾದಿಸಬಹುದು, ಆದರೆ ಗೋಡೆಗೆ ತಾಗಿದ ಕಾರಿನ ಬಿಲ್ ಕೈಯಲ್ಲಿ ಹಿಡಿದು ವಾದಿಸಬೇಕಾಗುತ್ತದೆ. ಮೊದಲೇ ಕಂಪನಿಯನ್ನು ಲಿಖಿತವಾಗಿ ಕೇಳಿಕೊಳ್ಳುವುದು ಜಾಣತನ. ವಾರಂಟಿ ಪುಸ್ತಕದಲ್ಲೂ ಸ್ಪರ್ಧೆಯ ಬಳಕೆಗೆ ಸಾಮಾನ್ಯವಾಗಿ ಇಂಥದ್ದೇ ಷರತ್ತು ಇರುತ್ತದೆ. ಪ್ಯಾಡ್ ಮತ್ತು ಡಿಸ್ಕ್ ಹೇಗೂ ಸವೆಯುವ ಭಾಗಗಳ ಪಟ್ಟಿಯಲ್ಲಿರುತ್ತವೆ.

ಇನ್ನು, ಸೋತ ರಸ್ತೆ ಪ್ಯಾಡ್‌ನಿಂದ ಬೇಸತ್ತು ಪೂರ್ತಿ ರೇಸ್ ಪ್ಯಾಡ್ ಹಾಕಿಸಿ, ಅದನ್ನೇ ದಿನವೂ ಓಡಿಸುವವರ ವಿಷಯ. ಈ ಪ್ಯಾಡ್‌ಗಳು ಬಿಸಿಯಾದ ಮೇಲಷ್ಟೇ ಪೂರ್ತಿ ಹಿಡಿತ ಕೊಡುತ್ತವೆ. ತಣ್ಣಗಿದ್ದಾಗ ರಸ್ತೆಯ ಪ್ಯಾಡ್‌ಗಿಂತ ಕಡಿಮೆ ಕಚ್ಚುತ್ತವೆ, ಡಿಸ್ಕನ್ನು ಬೇಗ ತಿನ್ನುತ್ತವೆ, ಕಿರುಚುತ್ತವೆ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲದ ಮಂಜಿಗೆ ಕಾರುಗಳ ವೇಗಮಿತಿಯನ್ನು ಗಂಟೆಗೆ 100ರಿಂದ 75 ಕಿ.ಮೀ.ಗೆ ಇಳಿಸುವುದು ವಾಡಿಕೆ. ಜನವರಿಯ ಮುಂಜಾನೆ, ತಾಪಮಾನ ಐದಾರು ಡಿಗ್ರಿ, ಅರ್ಧ ಗಂಟೆಯಿಂದ ಬ್ರೇಕ್ ಮುಟ್ಟಿಲ್ಲ, ಮಂಜಿನೊಳಗಿಂದ ನಿಂತ ಲಾರಿಯ ಹಿಂಬದಿ ದಿಢೀರನೆ ಕಾಣಿಸುತ್ತದೆ. ಆಗ ಆ ಪ್ಯಾಡ್‌ಗೆ ಬಿಸಿಯಾಗಲು ಸಮಯವಿರುವುದಿಲ್ಲ. ಟ್ರ್ಯಾಕ್ ಪ್ಯಾಡ್ ಕೊಂಡವರು ಕಂಪನಿಯ ಮೂಲ ಪ್ಯಾಡ್‌ಗಳನ್ನು ಎಸೆಯದೆ, ಯಾವುದು ಎಡ, ಯಾವುದು ಬಲ, ಯಾವುದು ಒಳಗಿನದು ಎಂದು ಉಕ್ಕಿನ ತಟ್ಟೆಯ ಮೇಲೆ ಮಾರ್ಕರ್‌ನಿಂದ ಬರೆದಿಟ್ಟುಕೊಂಡಿರಬೇಕು. ಟ್ರ್ಯಾಕ್‌ನಿಂದ ಬಂದ ಮರುದಿನವೇ ಅವನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕು. ಪಳಗಿದ ಕೈಗೆ ಇದು ಒಂದು ಗಂಟೆಯ ಕೆಲಸ.